ವಾರಗಿತ್ತಿಯ ಕಿಡ್ನಿ

ಇಪ್ಪತ್ತು ವರ್ಷಗಳಲ್ಲಿ ಆ ಇಬ್ಬರು ವಾರಗಿತ್ತಿಯರ ನಡುವೆ ಹೊಂದಿಕೆಯಾದದ್ದು ಒಂದೇ ಒಂದು. ಅದು ಕಿಡ್ನಿ. ಉಳಿದದ್ದೆಲ್ಲ ಎಣ್ಣೆ ಸೀಗೆಕಾಯಿ.

ಹಿರಿಯವಳು ಮನೆಯಲ್ಲೇ ಮಷೀನು ಹಾಕಿಕೊಂಡು ಬಟ್ಟೆ ಹೊಲಿಯುವವಳು. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹೆಚ್ಚು ಚೂಪು ಎಂದು ಮನೆಯವರು ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದರು, ಅವಳೂ ಅದಕ್ಕೆ ಓಗೊಡುತ್ತಿದ್ದಳು. ಕಿರಿಯವಳು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲೂ ಕಂಡಕ್ಟರೇ. ಮುಂದಿನ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನನ್ನು ಎಬ್ಬಿಸುವ ಗಂಟಲು ಅವಳದು. ಕೆಳಗಿನ ಮನೆಯಲ್ಲಿ ಸೂಜಿ, ಅವಳ ಗಂಡ, ಮಗಳು, ಅತ್ತೆ. ಮೇಲಿನ ಮನೆಯಲ್ಲಿ ಕಂಡಕ್ಟರ್, ಅವಳ ಗಂಡ. ನಡುವೆ ಒಂದು ಮೆಟ್ಟಿಲು, ಅದೇ ರಣರಂಗ.

ಮೇಲಿನವಳು ಹಿಂಡದೆ ಹರವಿದ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಕೆಳಗಿನವಳ ಗಿರಾಕಿಗಳ ಬಟ್ಟೆ ಒದ್ದೆಯಾಗುತ್ತಿತ್ತು. ಕೆಳಗಿನವಳ ಮಷೀನಿನ ಟಕಟಕ ಸದ್ದಿಗೆ ರಾತ್ರಿ ಪಾಳಿ ಮುಗಿಸಿ ಬಂದವಳ ನಿದ್ದೆ ಕೆಡುತ್ತಿತ್ತು. ಕಾರಣವಿದ್ದರೆ ಸರಿ, ಇಲ್ಲದಿದ್ದರೆ ಕಾಲು ಕೆರೆದುಕೊಂಡು ಹೋಗುವುದಕ್ಕೂ ಇಬ್ಬರೂ ಹಿಂದೆ ಬಿದ್ದವರಲ್ಲ. ಅವರ ಜಗಳ ಶುರುವಾದರೆ ಪಕ್ಕದ ಮನೆಯವರು ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದರು. ಆದರೆ ಅದಕ್ಕೂ ಒಂದು ಶಿಸ್ತಿತ್ತು. ತವರಿನ ಮಾತು ಎತ್ತುವಂತಿಲ್ಲ, ಗಂಡಂದಿರನ್ನು ಎಳೆದು ತರುವಂತಿಲ್ಲ, ಟೀ ಬಂದ ಕೂಡಲೇ ನಿಲ್ಲಿಸಬೇಕು. ಸೋತವರು ಟೀ ಮಾಡಬೇಕೆಂಬ ಕರಾರೇನೋ ಇತ್ತು. ಯಾರೂ ಯಾವತ್ತೂ ಸೋಲದ್ದರಿಂದ ಅತ್ತೆಯೇ ಎದ್ದು ನೀರು ಕಾಯಿಸಲು ಇಡಬೇಕಾಗುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ. ಸೂಜಿಗೆ ಎರಡೂ ಚೆನ್ನಾಗಿ ಬರುತ್ತಿದ್ದವು. ಜಗಳ ಹೇಗೂ ಇತ್ತು, ರೋಗವೂ ಬಂತು. ಎರಡೂ ಕಿಡ್ನಿ ಕೈಕೊಟ್ಟವು. ಮುಖ ಊದಿತು, ಕಾಲು ಊದಿತು, ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುವ ಕಾಲ ಬಂತು. ಗಂಡನದು ಕೊಡೋಣವೆಂದರೆ ಅವನಿಗೆ ಸಕ್ಕರೆ ಕಾಯಿಲೆ. ಮೈದುನನದು, ನಾದಿನಿಯದು ಹೊಂದಲಿಲ್ಲ. ಮಗಳದನ್ನು ಸತ್ತರೂ ತೆಗೆದುಕೊಳ್ಳುವುದಿಲ್ಲವೆಂದು ಸೂಜಿ ಹಟ ಹಿಡಿದಳು. ಆಗ ಒಂದು ದಿನ ಕಂಡಕ್ಟರ್ ಡ್ಯೂಟಿಯಿಂದ ನೇರವಾಗಿ, ಹೆಗಲಿನ ಚೀಲವನ್ನೂ ಇಳಿಸದೆ ಆಸ್ಪತ್ರೆಗೆ ಬಂದು ಡಾಕ್ಟರ ಮುಂದೆ ನಿಂತಳು.

"ನಂದೂ ಒಂದ್ಸಲ ನೋಡಿಬಿಡಿ ಸಾರ್. ಹೇಗಿದ್ರೂ ಹೊಂದಲ್ಲ. ಇಷ್ಟು ವರ್ಷದಲ್ಲಿ ನನ್ನದು ಯಾವುದು ತಾನೇ ಇವಳಿಗೆ ಹಿಡಿಸಿದೆ?"

ಹೊಂದಿತು. ಒಡಹುಟ್ಟಿದವರಲ್ಲೂ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ ಎಂದು ಡಾಕ್ಟರು ಹೇಳಿದಾಗ ಕಂಡಕ್ಟರ್ ಆಸ್ಪತ್ರೆಯೆಂಬುದನ್ನೂ ಮರೆತು ನಕ್ಕಳು. ಏನಾಯಿತೋ ಎಂದು ನರ್ಸ್ ಓಡಿ ಬಂದಳು.

ಆಪರೇಷನ್ ಆಯಿತು, ಸೂಜಿ ಬದುಕಿದಳು. ಕಂಡಕ್ಟರೂ ಕೆಲವು ತಿಂಗಳು ಮನೆಯಲ್ಲಿ ಸುಧಾರಿಸಿಕೊಂಡು ಮತ್ತೆ ಬಸ್ಸು ಹತ್ತಿದಳು. ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಸುಖವಾಗಿದ್ದರು ಎಂದು ಹೇಳಿ ಎದ್ದು ಹೋಗಬಹುದಿತ್ತು. ನಿಜವಾದ ಕಾಯಿಲೆ ಶುರುವಾದದ್ದೇ ಆಮೇಲೆ.

ಆಸ್ಪತ್ರೆಯಿಂದ ಬಂದ ಮೇಲೆ ಸೂಜಿಗೆ ಬೈಯಲು ಬಾಯಿ ಬರಲಿಲ್ಲ. ಮೇಲಿಂದ ನೀರು ತೊಟ್ಟಿಕ್ಕಿದರೆ ಸುಮ್ಮನೆ ತನ್ನ ಬಟ್ಟೆಯನ್ನು ಎತ್ತಿ ಒಳಗೆ ತರುತ್ತಿದ್ದಳು. ಕಂಡಕ್ಟರ್ ತನ್ನ ಚಪ್ಪಲಿ ಸ್ಟ್ಯಾಂಡನ್ನು ತಂದು ಕೆಳಗಿನ ಮನೆಯ ಬಾಗಿಲ ಮುಂದೆಯೇ ಇಟ್ಟಳು. ಸೂಜಿ ಅದನ್ನು ಸುತ್ತು ಹಾಕಿಕೊಂಡು ಓಡಾಡಿದಳು. "ಈ ಕಿಟಕಿ ಪರದೆ ಯಾರು ಹೊಲಿದಿದ್ದು, ಹೆಣಕ್ಕೆ ಹೊದಿಸೋ ಹಾಗಿದೆ" ಎಂದು ಕಂಡಕ್ಟರ್ ಅಂದಳು. ಹೊಲಿದದ್ದು ಸೂಜಿಯೇ, ಅದು ಇಬ್ಬರಿಗೂ ಗೊತ್ತು. ಆದರೂ ಸೂಜಿ, "ಹೌದಮ್ಮ, ನೀನು ಹೇಳೋದು ಸರಿ, ಬದಲಾಯಿಸ್ತೀನಿ" ಎಂದಳು. ಕೊನೆಗೆ ಕಂಡಕ್ಟರ್ ಎಲ್ಲಿಂದಲೋ ಒಂದು ಮೌತ್ ಆರ್ಗನ್ ತಂದು, ಮಧ್ಯಾಹ್ನ ಸೂಜಿ ಅಡ್ಡಾಗುವ ಹೊತ್ತಿಗೇ ಮೆಟ್ಟಿಲ ಮೇಲೆ ಕೂತು ಊದತೊಡಗಿದಳು. ಬೀದಿಯ ನಾಯಿಗಳೂ ಎದ್ದು ಹೋದವು. ಸೂಜಿ ಮಾತ್ರ ಬಾಗಿಲಿಗೆ ಬಂದು, "ಚೆನ್ನಾಗಿ ನುಡಿಸ್ತೀಯ" ಎಂದು ನಕ್ಕು ಒಳಗೆ ಹೋದಳು. ಕಂಡಕ್ಟರ್ ಊದುವುದನ್ನು ನಿಲ್ಲಿಸಿ ಅವಳ ಬೆನ್ನನ್ನೇ ನೋಡುತ್ತ ಕೂತಳು.

ಬೈಯಬೇಕೆಂದು ಸೂಜಿಗೆ ಅನಿಸುತ್ತಿರಲಿಲ್ಲವೆಂದಲ್ಲ. ಬೈಗುಳ ನಾಲಿಗೆಯ ತುದಿಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಕೈ ತಾನಾಗಿ ಹೊಟ್ಟೆಯ ಬಲಗಡೆಗೆ, ಹೊಲಿಗೆ ಹಾಕಿದ ಜಾಗಕ್ಕೆ ಹೋಗುತ್ತಿತ್ತು. ಒಳಗೆ ಕೂತು ಕೆಲಸ ಮಾಡುತ್ತಿರುವುದು ಅವಳದೇ, ಅವಳಿಗೇ ಬೈಯುವುದೇ? ನುಂಗುತ್ತಿದ್ದಳು. ದಿನಾ ನುಂಗಿ ನುಂಗಿ ಅವಳಿಗೆ ತನ್ನ ಮೈಯೊಳಗೆ ತಾನೇ ಬಾಡಿಗೆಗಿದ್ದೇನೆ ಅನ್ನಿಸತೊಡಗಿತು. ಮೆಟ್ಟಿಲ ಮೇಲೆ ಕಂಡಕ್ಟರಿನ ಹೆಜ್ಜೆ ಸದ್ದು ಕೇಳಿದರೆ ಸಾಕು, ಬೇಕೆಂದೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದಳು. ಮೊದಲು ಆ ಹೆಜ್ಜೆಯ ಸದ್ದಿಗೆ ಸೆರಗು ಸಿಕ್ಕಿಸಿ ಬಾಗಿಲಿಗೆ ಬರುತ್ತಿದ್ದವಳು ಇವಳೇ. ಜೀವ ಉಳಿಸಿದವಳ ಮುಖ ನೋಡಲಾರದೆ ನಲ್ಲಿಯ ಮುಂದೆ ನಿಲ್ಲುವ ತಾನು ಎಂಥ ಕೃತಘ್ನಳು ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಉಪಕಾರ ಮಾಡಿದವಳ ಮೇಲೆ ಒಳಗೊಳಗೇ ಸಿಟ್ಟು ಬೆಳೆಯುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಹೀಗೇ ಬಿಟ್ಟರೆ ಒಂದು ದಿನ ಅದು ದ್ವೇಷವೇ ಆಗಿಬಿಡುತ್ತದೆ ಎಂಬ ಭಯವೂ ಇತ್ತು.

ಇದರ ಮೇಲೆ ವರ್ಷದ ಕೊನೆಯ ರಜೆ ಹತ್ತಿರ ಬಂತು.

ಆ ರಜೆಗೆ ಎಲ್ಲರೂ ಕೆಳಗಿನ ಮನೆಯಲ್ಲಿ ಸೇರಿ ಊಟ ಮಾಡುವುದು ರೂಢಿ. ಊಟಕ್ಕೆ ಮುಂಚೆ ಒಂದು ಪರೀಕ್ಷೆ ಇರುತ್ತಿತ್ತು. ಅದು ಸತ್ತುಹೋದ ಮಾವ ಮಾಡಿಟ್ಟುಹೋದ ಕಾನೂನು. ಮೇಜಿನ ಸುತ್ತ ಕೂತ ಪ್ರತಿಯೊಬ್ಬರೂ ಮೇಜಿಗೆ ಕೂತ ಇನ್ನೊಬ್ಬರಿಗೆ, ಆ ವರ್ಷ ಮಾಡಿದ ಒಂದು ಕೆಲಸಕ್ಕೆ, ಎದ್ದು ನಿಂತು ಕೃತಜ್ಞತೆ ಹೇಳಬೇಕು. ಎಲ್ಲರೂ ಹೇಳಿ ಮುಗಿಯುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ. "ಎಲ್ಲರಿಗೂ" ಎಂದು ಸಾರಿಸಿಬಿಡುವಂತಿಲ್ಲ. "ದೇವರಿಗೆ" ಎಂದು ಜಾರಿಕೊಳ್ಳುವಂತೆಯೂ ಇಲ್ಲ. ದೇವರು ಊಟಕ್ಕೆ ಬಂದು ಕೂತಾಗ ನೋಡೋಣ ಎಂದು ಮಾವ ಅನ್ನುತ್ತಿದ್ದರು. ಮಾವ ಹೋದ ಮೇಲೆ ಅತ್ತೆ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದ್ದರು.

ಕಳೆದ ರಜೆಯಲ್ಲಿ ಸೂಜಿ ಆಸ್ಪತ್ರೆಯಲ್ಲಿದ್ದಳು, ಮೇಜು ಹಾಕಿರಲಿಲ್ಲ. ಹಾಗಾಗಿ ಕಿಡ್ನಿಯ ಕೃತಜ್ಞತೆ ಈ ಸಲದ ಊಟಕ್ಕೆ ಬಾಕಿ ಉಳಿದಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅದಕ್ಕೇ ಕಾಯುತ್ತಿದ್ದರು. ನಾದಿನಿ ಫೋನಿನಲ್ಲಿ, "ಅತ್ತಿಗೆ, ನಾನು ಕರ್ಚೀಫ್ ಜಾಸ್ತಿ ತರ್ತೀನಿ ಬಿಡಿ" ಎಂದಳು.

ಸೂಜಿ ಮಷೀನು ತುಳಿಯುತ್ತ ಮಾತು ಹೊಂದಿಸಿ ನೋಡಿದಳು. 'ನೀನು ನನಗೆ ಮರುಜನ್ಮ ಕೊಟ್ಟೆ.' ನಾಟಕದ ಮಾತಿನ ಹಾಗಿತ್ತು. 'ಈ ಉಪಕಾರ ಹೇಗೆ ತೀರಿಸಲಿ?' ಬೀಳ್ಕೊಡುಗೆ ಸಮಾರಂಭದ ಭಾಷಣದಂತಿತ್ತು. ಬಟ್ಟೆ ಚಿಕ್ಕದಾದರೆ ಅಂಚು ಬಿಚ್ಚಿ ದೊಡ್ಡದು ಮಾಡಬಹುದು, ಮಾತು ಚಿಕ್ಕದಾದರೆ ಏನು ಮಾಡುವುದು? ಕೊನೆಗೆ ಗಂಡನನ್ನು ಕೇಳಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಗುಂಡಿ ಒತ್ತಿದರೆ ಕೆಲಸವಾಗಬೇಕು, ಅಷ್ಟೇ ಅವನ ತತ್ವ.

"ಥ್ಯಾಂಕ್ಸ್ ಅಂದ್ಬಿಡು, ಸಾಕು."

"ಥ್ಯಾಂಕ್ಸ್ ಅನ್ನೋದು ಬಸ್ಸಲ್ಲಿ ಸರಿದು ಜಾಗ ಕೊಟ್ಟವರಿಗೆ ರೀ. ಮೈಯಿಂದ ಒಂದು ಭಾಗ ತೆಗೆದು ಕೊಟ್ಟವಳಿಗೆ ಏನಂತಾರೆ?"

ಅವನು ಬಹಳ ಹೊತ್ತು ಯೋಚಿಸಿದ. "ಅದಕ್ಕೂ ಥ್ಯಾಂಕ್ಸ್ ಅಂತಾನೇ ಅಂತಾರೆ."

ರಜೆಯ ದಿನ ಮಧ್ಯಾಹ್ನ ಮುಂದಿನ ಕೋಣೆಯ ಮಷೀನನ್ನು ಮೂಲೆಗೆ ತಳ್ಳಿ, ಎರಡು ಮೇಜು ಜೋಡಿಸಿ, ಸೂಜಿಯೇ ಹೊಲಿದ ಉದ್ದನೆಯ ಬಟ್ಟೆ ಹಾಸಿದರು. ನಾದಿನಿ ಗಂಡನೊಂದಿಗೆ ಬಂದಳು. ಅತ್ತೆ ಮೇಜಿನ ತುದಿಯಲ್ಲಿ ಕೂತರು. ಇಡೀ ಇಡೀ ಬೇಯಿಸಿದ ಎರಡು ಕೋಳಿ ಮೇಜಿನ ನಡುವೆ ಹಬೆಯಾಡುತ್ತ ಕೂತವು. ಅವುಗಳ ಹಿಂದೆ, ಸೂಜಿಯ ಎದುರಿಗೇ, ಕಂಡಕ್ಟರ್. ಅವತ್ತು ಅವಳು ಯಾರ ಜೊತೆಗೂ ಹೆಚ್ಚು ಮಾತಾಡಿರಲಿಲ್ಲ. ಕೈಗಳನ್ನು ಮೇಜಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಅತ್ತೆ ಮೊದಲು ಹೇಳಿದರು. ನಾದಿನಿಗೆ, ಮರೆಯದೆ ಫೋನ್ ಮಾಡಿದ್ದಕ್ಕೆ ಕೃತಜ್ಞತೆ, ಮಾಡಿದಾಗೆಲ್ಲ ಗಂಡನ ದೂರನ್ನೇ ಹೇಳಿದ್ದಕ್ಕೆ ಅಲ್ಲ. ಅಳಿಯ ಬೇರೆ ಕಡೆ ನೋಡಿದ. ಮೈದುನ, ಅಣ್ಣನಿಗೆ ಹೇಳಿದ, ಹಲ್ಲುನೋವಿನ ದಿನ ಜೊತೆಗೆ ಬಂದು ಕೈ ಹಿಡಿದುಕೊಂಡಿದ್ದಕ್ಕೆ. ಎಲ್ಲರೂ ನಕ್ಕರು. ಆಮೇಲೆ ಸೂಜಿಯ ಮಗಳು ಎದ್ದಳು.

"ಚಿಕ್ಕಮ್ಮನಿಗೆ" ಎಂದಳು. "ಅಮ್ಮ ಇಲ್ಲಿ ಕೂತಿದ್ದಾಳೆ, ಅದಕ್ಕೆ." ಅಷ್ಟು ಹೇಳಿ ಕೂತುಬಿಟ್ಟಳು.

ನಾದಿನಿ ಕರ್ಚೀಫ್ ತೆಗೆದಳು. ಕಂಡಕ್ಟರ್ ತಲೆ ತಗ್ಗಿಸಿದಳು. ಮಗಳು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ ಮೇಲೆ ಸೂಜಿಗೆ ಹೇಳಲು ಏನು ಉಳಿದಿತ್ತು? ಎಲ್ಲರ ಕಣ್ಣು ತನ್ನ ಕಡೆ ತಿರುಗಿದ್ದು ಅವಳಿಗೆ ತಿಳಿಯಿತು. ಎದ್ದು ನಿಂತಳು. ಮೇಜಿನ ಅಂಚು ಹಿಡಿದಳು.

"ನಾನು..." ಎಂದಳು.

ಕಟಕ್ ಎಂದು ಸದ್ದಾಯಿತು.

"ನಾನು ಈ ವರ್ಷ..."

ಮತ್ತೆ ಕಟಕ್. ಸೂಜಿ ತಲೆ ಎತ್ತಿ ನೋಡಿದಳು. ಕಂಡಕ್ಟರ್ ಒಂದು ಕೋಳಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಅದರ ತೊಡೆಯನ್ನು ಕತ್ತರಿಸುತ್ತಿದ್ದಳು. ಕತ್ತರಿಸುತ್ತಿದ್ದದ್ದು ಚಾಕುವಿನಲ್ಲಲ್ಲ, ಸೂಜಿಯ ಕತ್ತರಿಯಲ್ಲಿ.

ಹೊಲಿಯುವವರ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಕತ್ತರಿ ಬಟ್ಟೆಗೆ ಮಾತ್ರ. ಅದರಲ್ಲಿ ಕಾಗದ ಕತ್ತರಿಸಿದರೂ ಅಲಗು ಮೊಂಡಾಗುತ್ತದೆ, ಆಮೇಲೆ ತೆಳು ಬಟ್ಟೆ ಕತ್ತರಿಸಲು ಹೋದರೆ ಅದು ಜಗಿದು ಬಿಡುತ್ತದೆ. ಸೂಜಿಯ ಗಂಡ ಮದುವೆಯಾದ ಹೊಸದರಲ್ಲಿ ಅದರಲ್ಲಿ ಮೀಸೆ ಕತ್ತರಿಸಿಕೊಂಡು ಬಹಳ ಕಾಲ ಸಪ್ಪೆ ಮುಖ ಹೊತ್ತು ತಿರುಗಿದ್ದ. ಮಗಳು ಹುಟ್ಟಿದ ಮೇಲೆ ಮೊದಲು ಕಲಿತದ್ದು ಒಲೆ ಮುಟ್ಟಬಾರದು ಎಂದು, ಎರಡನೆಯದು ಆ ಕತ್ತರಿ ಮುಟ್ಟಬಾರದು ಎಂದು. ಅಂಥ ಕತ್ತರಿ ಈಗ ಕೋಳಿಯ ಜಿಡ್ಡಿನಲ್ಲಿ ಮುಳುಗಿ ಎಲುಬನ್ನು ಅಗಿಯುತ್ತಿತ್ತು.

"ಕೆಳಗಿಡೇ ಅದನ್ನ!"

ತನ್ನ ಬಾಯಿಂದಲೇ ಬಂದ ಧ್ವನಿ ಎಂದು ಸೂಜಿಗೆ ಒಂದು ಕ್ಷಣ ಗೊತ್ತಾಗಲಿಲ್ಲ.

"ಯಾಕೆ, ಕೋಳಿ ಕತ್ತರಿಸಬಾರದಾ?" ಕಂಡಕ್ಟರ್ ತಲೆ ಎತ್ತದೆ ಕೇಳಿದಳು.

"ಕೋಳಿ ಕತ್ತರಿಸ್ತೀಯಾ? ಕೈ ಕತ್ತರಿಸಿಬಿಡ್ತೀನಿ! ಅದು ಬಟ್ಟೆ ಕತ್ತರಿ ಕಣೆ, ನಿನ್ನ ಟಿಕೆಟ್ ಹರಿಯೋ ಕೈಗೆ ಅದರ ಬೆಲೆ ಏನು ಗೊತ್ತು? ಎಲುಬು ಕಡಿಯೋಕೆ ನಿನ್ನ ಹಲ್ಲಿರಲಿಲ್ವಾ?"

"ಒಂದು ಕತ್ತರಿಗೆ ಇಷ್ಟು ಹಾರಾಡ್ತೀಯಲ್ಲ ಅಕ್ಕ."

"ಒಂದು ಕತ್ತರಿಗಾ? ನಿನ್ನ ಹಿಂಡದ ಬಟ್ಟೆಗೆ! ನನ್ನ ಬಾಗಿಲಲ್ಲಿ ತಂದಿಟ್ಟ ನಿನ್ನ ನಾರೋ ಚಪ್ಪಲಿಗೆ! ನನ್ನ ಪರದೆ ಹೆಣಕ್ಕೆ ಹೊದಿಸೋ ಹಾಗಿದೆಯಾ? ಮೊದಲು ನಿನ್ನ ಬಾಯಿಗೆ ಹೊದಿಸಬೇಕು. ಆ ಪೀಪಿ ಊದ್ತೀಯಲ್ಲ, ಅದಕ್ಕಿಂತ ಕೆಟ್ಟುಹೋದ ಲಿಫ್ಟ್ ಚೆನ್ನಾಗಿ ಹಾಡುತ್ತೆ, ಇವರನ್ನೇ ಕೇಳು!"

ಗಂಡ ಏನೋ ಹೇಳಲು ಬಾಯಿ ತೆರೆದವನು ಬುದ್ಧಿವಂತಿಕೆಯಿಂದ ಮುಚ್ಚಿಕೊಂಡ. ಅತ್ತೆ ಅಭ್ಯಾಸಬಲದಿಂದ ಟೀಗೆ ನೀರಿಡಲೆಂದು ಅರ್ಧ ಎದ್ದಿದ್ದರು. ಕಂಡಕ್ಟರೂ ಎದ್ದು ನಿಂತಳು. ಅವಳ ಧ್ವನಿ ಬಸ್ಸಿನಷ್ಟೇ ಜೋರಾಯಿತು. ಮಷೀನಿನ ಸದ್ದು, ಮೆಟ್ಟಿಲಲ್ಲಿ ಬಿದ್ದ ದಾರದ ಚೂರು, ತನಗೆ ಹೊಲಿದುಕೊಟ್ಟ ಯೂನಿಫಾರಂ ಕಂಕುಳಲ್ಲಿ ಬಿಗಿಯಾದದ್ದು, ಒಂದೊಂದೇ ಹೊರಗೆ ಬಂತು. ಸೂಜಿ ಒಂದಕ್ಕೂ ಉತ್ತರ ಬಾಕಿ ಇಡಲಿಲ್ಲ. ಯೂನಿಫಾರಂ ಬಿಗಿಯಲ್ಲ, ತೊಟ್ಟವಳು ದಪ್ಪ. ಒಂದು ವರ್ಷದಿಂದ ಕಟ್ಟಿಟ್ಟಿದ್ದೆಲ್ಲ ಕಟ್ಟೆ ಒಡೆದು ಹರಿಯುತ್ತಿತ್ತು. ಆ ಹರಿವಿನಲ್ಲಿ, ತಡೆಯುವಷ್ಟರಲ್ಲಿ, ಹೇಳಬಾರದ ಮಾತೂ ಬಂದುಬಿಟ್ಟಿತು.

"ಒಂದು ಕಿಡ್ನಿ ಕೊಟ್ಟೆ ಅಂತ ನನ್ನ ಕತ್ತರೀನೂ ನಿಂದಾ?"

ನಾದಿನಿ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು. ಮಗಳು ಅಮ್ಮನ ಕಡೆ ಕಣ್ಣರಳಿಸಿ ನೋಡಿದಳು. ಕೃತಜ್ಞತೆ ಹೇಳಬೇಕಾದ ಜಾಗದಲ್ಲಿ ನಿಂತು ಸೂಜಿ, ಕೊಟ್ಟದ್ದನ್ನೇ ಎತ್ತಿ ಆಡಿಬಿಟ್ಟಿದ್ದಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಕಂಡಕ್ಟರ್ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳ ತುಟಿ ಅದುರುತ್ತಿತ್ತು. ಅಳುತ್ತಾಳೆ ಎಂದುಕೊಂಡರು. ಅವಳು ಕುರ್ಚಿಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಎದೆ ಹಿಡಿದುಕೊಂಡು, ದೊಡ್ಡದಾಗಿ ಉಸಿರು ಬಿಟ್ಟಳು.

"ಅಬ್ಬಾ! ಹೋದ ಜೀವ ಬಂತು ನೋಡು."

ಯಾರಿಗೂ ಏನೂ ಅರ್ಥವಾಗಲಿಲ್ಲ.

"ಎಷ್ಟು ಕೆಣಕಿದೆ ಇವಳನ್ನ!" ಕಂಡಕ್ಟರ್ ಅತ್ತೆಯ ಕಡೆ ತಿರುಗಿ, ದೂರು ಹೇಳುವವಳಂತೆ ಹೇಳಿದಳು. "ಒಗೆದ ಬಟ್ಟೆ ಹಿಂಡಿದ್ರೂ ಮತ್ತೆ ನೀರಲ್ಲಿ ಅದ್ದಿ ಹಾಕ್ತಿದ್ದೆ. ಚಪ್ಪಲಿ ಸ್ಟ್ಯಾಂಡ್ ತಂದಿಟ್ಟು ನಾನೇ ಎರಡು ಸಲ ಎಡವಿ ಬಿದ್ದೆ. ಆ ಪೀಪಿ! ನನಗೆ ಸಂಗೀತ ಅಂದ್ರೆ ತಲೆನೋವು ಅಂತ ನಿಮಗೆಲ್ಲ ಗೊತ್ತು. ಊದಿ ಊದಿ ನನಗೆ ಕೆನ್ನೆ ನೋವು ಬಂತು. ಇವಳು ಹೊರಗೆ ಬಂದು 'ಚೆನ್ನಾಗಿ ನುಡಿಸ್ತೀಯ' ಅಂದಳು. ಅವತ್ತು ಮೇಲೆ ಹೋಗಿ ಅತ್ತುಬಿಟ್ಟೆ."

"ಯಾಕೆ?" ಎಂದಳು ಸೂಜಿ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

ಕಂಡಕ್ಟರ್ ಅವಳ ಕಡೆ ತಿರುಗಿದಳು. ಈಗ ಅವಳ ಗಂಟಲೂ ಬಸ್ಸಿನ ಗಂಟಲಾಗಿರಲಿಲ್ಲ.

"ಇನ್ನೇನು ಮಾಡಲಿ? ಆಸ್ಪತ್ರೆಯಿಂದ ಯಾರೋ ಒಬ್ಬಳು ಬಂದು ಈ ಮನೇಲಿ ಕೂತಿದ್ದಾಳೆ. ಎಲ್ಲಾದಕ್ಕೂ ನಗ್ತಾಳೆ, ಹೌದಮ್ಮ ಅಂತಾಳೆ, ನನ್ನನ್ನ ಕಂಡ್ರೆ ಬಚ್ಚಲಿಗೆ ಓಡ್ತಾಳೆ. ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ? ಅವಳ ಪರಿಚಯಾನೇ ನನಗಿಲ್ಲ. ನಾನು ಕಿಡ್ನಿ ಕೊಟ್ಟಿದ್ದು ಅವಳಿಗಲ್ಲ ಅಕ್ಕ. ನಿನಗೆ. ನನಗೆ ಬೈಯೋ ನಿನಗೆ. ನೀನೇ ವಾಪಸ್ ಬರಲಿಲ್ಲ ಅಂದ್ರೆ ನಾನು ಕೊಟ್ಟು ಏನು ಬಂತು?"

ಸೂಜಿ ಕೂತುಬಿಟ್ಟಳು. ಒಂದು ವರ್ಷದಿಂದ ಹೊತ್ತು ತಿರುಗಿದ ಕಲ್ಲು ಎದೆಯಿಂದ ಇಳಿಯಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಪಕ್ಕದಲ್ಲಿ ಕೂತ ಗಂಡನಿಗೂ ತಿಳಿಯಲಿಲ್ಲ. ಅವನು ಕೈ ಚಾಚಿ ತಂಗಿಯ ಕರ್ಚೀಫನ್ನು ಕಿತ್ತು ಇವಳಿಗೆ ಕೊಟ್ಟ. ತನಗೆ ದ್ವೇಷ ಹುಟ್ಟುತ್ತಿದೆ ಎಂದು ಹೆದರಿದ್ದಳಲ್ಲ, ಅದು ದ್ವೇಷವಾಗಿರಲಿಲ್ಲ. ತನ್ನ ಜೊತೆ ಜಗಳವಾಡುವ ಕಂಡಕ್ಟರ್ ಇಲ್ಲದೆ ಸೂಜಿಗೂ ಬೇಸರವಾಗಿತ್ತು, ಅಷ್ಟೇ. ಮೇಲಿನ ಮನೆಯಲ್ಲೂ ಅದೇ ಬೇಸರ ವರ್ಷವಿಡೀ ಕೂತಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅತ್ತೆ ಗಂಟಲು ಸರಿಮಾಡಿಕೊಂಡರು. "ಅದೆಲ್ಲ ಸರಿ. ನೀನಿನ್ನೂ ಹೇಳಿಲ್ಲ. ಕಾನೂನು ಕಾನೂನೇ."

"ಹೇಳ್ತೀನಿ ಅತ್ತೆ." ಸೂಜಿ ಮೂಗು ಒರೆಸಿಕೊಂಡು ಮತ್ತೆ ಎದ್ದಳು. ಮೇಜಿನ ಅಂಚು ಹಿಡಿಯಲಿಲ್ಲ. ಹೊಂದಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ, ಬೇಕೆಂದೂ ಅನಿಸಲಿಲ್ಲ. ಎದುರಿಗೆ ಕೂತವಳನ್ನು, ಒಂದು ವರ್ಷದಲ್ಲಿ ಮೊದಲ ಸಲ, ನೇರವಾಗಿ ನೋಡಿದಳು.

"ಇವಳಿಗೆ" ಎಂದಳು. "ಕೊಟ್ಟಿದ್ದಕ್ಕೆ ಹೇಳೋಕೆ ನನ್ನ ಹತ್ರ ಮಾತಿಲ್ಲ, ಅದು ಹಾಗೇ ಇರಲಿ. ನಾನು ವಾಪಸ್ ಬರೋ ತನಕ ಕಾದಳಲ್ಲ, ಅದಕ್ಕೆ."

ಕಂಡಕ್ಟರ್ ತಲೆ ಆಡಿಸಿದಳು. ಜಿಡ್ಡಾದ ಕೈಯಲ್ಲೇ ಕಣ್ಣು ಒರೆಸಿಕೊಂಡು ಕಣ್ಣು ಉರಿಸಿಕೊಂಡಳು. ಆಮೇಲೆ ಕತ್ತರಿ ಎತ್ತಿಕೊಂಡು, ಯಾರೂ ಹೇಳದೆಯೇ, ತೊಳೆಯಲು ಅಡುಗೆಮನೆಗೆ ಹೋದಳು. ಅತ್ತೆ, "ಉಳಿದವರಿಗೆ ಈ ವರ್ಷ ಮಾಫಿ" ಎಂದು ಕೋಳಿಯ ತಟ್ಟೆಯನ್ನು ಅಳಿಯನ ಕಡೆ ತಳ್ಳಿದರು. ಎಲ್ಲರಿಗೂ ಒಟ್ಟಿಗೆ ಹಸಿವಾಯಿತು.

"ಈ ಕತ್ತರಿ ಮೊದಲೇ ಮೊಂಡಾಗಿತ್ತು ಕಣಕ್ಕ!" ಅಡುಗೆಮನೆಯಿಂದ ಕೂಗು ಬಂತು. "ನನ್ನ ತಲೆಗೆ ಕಟ್ಟಬೇಡ!"

"ಮೊಂಡು ನಿನ್ನ ತಲೆ! ಬಿಸಿನೀರಲ್ಲಿ ತೊಳಿ, ಒಣಬಟ್ಟೆಯಲ್ಲಿ ಒರೆಸು, ತುಕ್ಕು ಹಿಡೀತೋ ನೋಡು ಆಮೇಲೆ!"

ಬಾಯಲ್ಲಿ ಕೋಳಿ ಇಟ್ಟುಕೊಂಡೇ ಸೂಜಿ ಹೀಗೆ ಕೂಗಿದಳು. ಕೂಗಿ ಮುಗಿಸಿ ನುಂಗಿದ ಮೇಲೆ ಅವಳಿಗೆ ಗೊತ್ತಾಯಿತು, ಈ ಸಲ ಕೈ ಹೊಟ್ಟೆಯ ಬಲಗಡೆಗೆ ಹೋಗಿರಲೇ ಇಲ್ಲ.